ಯಾರೂ ನೋಡಿಕೊಳ್ಳದವಳು

ಎಷ್ಟು ತಣ್ಣಗಿವೆ ಬೆರಳು, ಹೊಟ್ಟೆಯ ಬಳಿ ತಾಗಿದ್ದೇ ಇಶ್ಬೆಲ್‌ಳ ಮೈ ಜುಮ್ಮೆಂದಿತು, ಕಾರ್ಡಿಗನ್ನಿನ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕುತ್ತ ಬರುತ್ತಿದ್ದಾಳೆ ರೋನಾ, ನಾಲಿಗೆಯ ತುದಿ ಕಚ್ಚಿಕೊಂಡು, ಚಿಕ್ಕವಳಿದ್ದಾಗ ಇವಳ ಶಾಲೆಯ ಅಂಗಿಗೆ ಗುಂಡಿ ಹಾಕಿದ ತಾಯಿಯ ಕೈಗಳು ಈಗ ತೊಡೆಯ ಮೇಲೆ ಬಿದ್ದಿವೆ, ಬಸ್ಸಿನಲ್ಲಿ ಯಾರೋ ಮರೆತುಹೋದ ಕೈಗವಸುಗಳ ಹಾಗೆ — ನರಗಳ ಕಾಯಿಲೆ, ಡಾಕ್ಟರು ಅದಕ್ಕೊಂದು ಉದ್ದದ ಹೆಸರು ಹೇಳಿದ್ದರು — ಮಗಳ ಮೈಯಿಂದ ಇನ್ನೂ ಕರಿದ ಎಣ್ಣೆಯ ವಾಸನೆ, ಸಂಜೆಯೆಲ್ಲ ಚಿಪ್ಸ್ ಅಂಗಡಿಯ ಕೆಲಸ, ಬೆಳಗಾದರೆ ಅಮ್ಮನ ಸ್ನಾನ, ಆಮೇಲೆ ಕಾಲೇಜು, ಇನ್ನು ತರಗತಿ ತಪ್ಪಿಸಿದರೆ ಸೀಟು ಉಳಿಯುವುದಿಲ್ಲ ಎಂದಿದ್ದಾರಂತೆ, ಅದಕ್ಕೇ ಅಲ್ಲವೇ ಅರ್ಜಿ ಹಾಕಿದ್ದು, ಮನೆಯವರನ್ನು ನೋಡಿಕೊಳ್ಳುವವರಿಗೆ ಸರ್ಕಾರ ಕೊಡುವ ಭತ್ಯೆ, ಮೊದಲು ದಿನವಿಡೀ ಓದುವವರಿಗೆ ಇರಲಿಲ್ಲ, ಈಗ ಉಂಟಂತೆ ಸ್ಕಾಟ್ಲೆಂಡಿನಲ್ಲಿ, ಅದು ಬಂದ್ರೆ ಅಂಗಡಿ ಬಿಡ್ತೀನಮ್ಮ, ಆಫೀಸಿನವರು ನಿಂಗೆ ಫೋನ್ ಮಾಡ್ತಾರೆ, ಹೂಂ ಅನ್ನು ಸಾಕು, ಅಂದಿದ್ದಳು.

ಮಾಡಿದರು, ರೋನಾ ಕಾಲೇಜಿನಲ್ಲಿದ್ದಾಗ, ಎಷ್ಟು ಮರ್ಯಾದೆಯ ದನಿ, ಮಗಳು ನಿಮ್ಮನ್ನ ನೋಡ್ಕೋತಾರಾ, ಅವರಿಗೆ ಭತ್ಯೆ ಶುರುವಾದ್ರೆ, ನೋಡಿಕೊಳ್ಳೋಕೆ ಯಾರೂ ಇಲ್ಲ ಅಂತ ನಿಮಗೆ ಬರ್ತಿರೋ ಹೆಚ್ಚಿನ ಹಣ ನಿಂತುಹೋಗಬಹುದು — ಆ ಹಣದಿಂದಲೇ ಈ ಮನೆಯ ಹೀಟರ್ ಉರಿಯುವುದು, ಕಂಬಳಿಯನ್ನು ಮಗಳತ್ತ ಎಳೆದರೆ ತನ್ನ ಕಾಲು ಹೊರಗೆ — ಇಲ್ಲ, ಸುಳ್ಳು, ಹೀಟರ್ ನೆನಪಾದದ್ದು ಆಮೇಲೆ, ಮೊದಲು ಬಾಯಿಗೆ ಬಂದದ್ದು ಈ ಗ್ರೀನಕ್ ಊರಿನ ಹೆಂಗಸರೆಲ್ಲರ ಬಾಯಿಗೂ ಬರುವಂಥದ್ದೇ, ಇಶ್ಬೆಲ್‌ಳ ತಾಯಿ ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಆಂಬುಲೆನ್ಸಿನವರಿಗೆ ಹೇಳಿರಲಿಲ್ಲವೇ, ನಂಗೇನಾಗಿಲ್ಲಪ್ಪ, ಸುಮ್ನೆ ನಿಮಗೆ ತೊಂದರೆ, ಟೀ ಕುಡೀತೀರಾ, ಹಾಗೆಯೇ ಇವಳೂ ಅಂದಳು, ನನ್ನನ್ನ ಯಾರೂ ನೋಡ್ಕೋಬೇಕಾಗಿಲ್ಲಪ್ಪ, ನನ್ನ ಕೆಲಸ ನಾನೇ ಮಾಡ್ಕೋತೀನಿ, ಆತ ವಂದನೆ ಹೇಳಿ ಮುಗಿಸಿದ, ಫೋನು ಕೆಳಗಿಡಲಿಕ್ಕೆ ಅವಳಿಗೆ ಎರಡೂ ಕೈ ಬೇಕಾಯಿತು.

ಈಗಲೂ ಹೇಳಬಹುದು, ತಿರುಗಿ ಫೋನ್ ಮಾಡಿ ತಪ್ಪು ಹೇಳಿಬಿಟ್ಟೆ ಅನ್ನಬಹುದು, ಆದರೆ ಚಳಿಗಾಲವಿನ್ನೂ ಪೂರ್ತಿ ಮುಂದಿದೆ, ಹೀಟರಿಲ್ಲದೆ ಕಾಲು ಮರಗಟ್ಟಿದರೆ ತನ್ನನ್ನು ಎತ್ತುವವರು ಯಾರು, ಮತ್ತೆ ರೋನಾಳೇ — ಬೆರಳು ಎದೆಯವರೆಗೆ ಬಂದಿವೆ, ಆಫೀಸಿನವರು ನಂಗೂ ಫೋನ್ ಮಾಡಿದ್ರಮ್ಮ, ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು, ನಿಮ್ಮಮ್ಮನ್ನ ಯಾರೂ ನೋಡ್ಕೊಳ್ಳಲ್ವಂತೆ, ಭತ್ಯೆ ಕೊಡಕ್ಕಾಗಲ್ಲ ಅಂದ್ರು, ಹಂಗಾದ್ರೆ ಈ ಗುಂಡಿ ಯಾರು ಹಾಕ್ತಿರೋದು, ಹೇಳು, ಹೋಗ್ಲಿ ಬಿಡು, ಅಂಗಡೀಲಿ ಹಗಲು ಪಾಳಿ ಕೊಡ್ತಾರಂತೆ, ಕಾಲೇಜಿಗೆ ಇವತ್ತೇ ಹೇಳಿಬಿಡ್ತೀನಿ ಇನ್ನು ಬರಲ್ಲ ಅಂತ — ಬೇಡ, ಹೋಗಬೇಡ ಅನ್ನಬೇಕು, ನಾನು ಸುಳ್ಳು ಹೇಳಿದೆ ಕಂದಾ ಅನ್ನಬೇಕು, ಇಶ್ಬೆಲ್ ಬಾಯಿ ತೆರೆದಳು, ಹೊರಬಂದದ್ದು ಮತ್ತೆ ಅದೇ, ನಂಗೇನಾಗಿಲ್ಲ ಮಗಳೇ, ನಾನೇ ಮಾಡ್ಕೋತೀನಿ, ರೋನಾ ಕೈ ತೆಗೆದಳು, ಎದ್ದು ನಿಂತಳು, ಕಾದಳು, ಕತ್ತಿನ ಕೆಳಗೆ ಇನ್ನೊಂದೇ ಗುಂಡಿ ಉಳಿದಿದೆ, ಇಶ್ಬೆಲ್‌ಳ ಬೆರಳು ಮೇಲೇರುತ್ತವೆ, ಗುಂಡಿ ಸಿಕ್ಕಿತು, ಕಾಜ ಎಲ್ಲಿ, ಜಾರಿತು, ಮತ್ತೆ ಗುಂಡಿ, ಕಾಜ, ಜಾರಿತು, ಗುಂಡಿ, ಬೆರಳು, ಗುಂಡಿ —