ಮದುವೆಮನೆಗೆ ಬಂದ ಕಾಗದ

ಮಾಘದ ಚಳಿ ಇಳಿದು ಬಿಸಿಲು ಚುರುಗುಟ್ಟತೊಡಗಿತ್ತು. ಸಾವನೇರಿನ ಕಲ್ಲಿದ್ದಲು ಗಣಿಯ ಹಿಂದಿನ ಓಣಿಯಲ್ಲಿ ಸತ್ಯಭಾಮಾ ಬೆಳಗಿನಿಂದ ಅಂಗಳದಲ್ಲಿ ಕೂತು ಕಿತ್ತಳೆ ಆರಿಸುತ್ತಿದ್ದಳು. ತೋಟದವರು ಸುರಿದುಹೋದ ರಾಶಿ. ದಪ್ಪನೆಯವು ಒಂದು ಕ್ರೇಟಿಗೆ, ಸಣ್ಣವು ಇನ್ನೊಂದಕ್ಕೆ. ಮಧ್ಯಾಹ್ನ ನಾಗಪುರದ ಗಾಡಿ ಬರುವುದರೊಳಗೆ ಮುಗಿಯಬೇಕು.

ಗೋಡೆಗೆ ಒರಗಿದ್ದ ಅವ್ವ ಸೀತಾಲಕ್ಷ್ಮಿಯ ಕೈಯಲ್ಲಿ ಆಗಷ್ಟೇ ಬಂದ ಲಗ್ನಪತ್ರಿಕೆ. ಹಿರಿಮಗಳು ಚಾರುಲತಾಳ ಮಗಳ ಮದುವೆ. ನಾಲ್ಕೂ ಮೂಲೆಗೆ ಅರಿಶಿಣ.

"ನೋಡ, ಹಿಂಗ ಬರಬೇಕ ಕಾಗದ. ನಿಮ್ಮಕ್ಕನ ಲಗ್ನದ ದಿನಾ ಒಂದ ಬಂದಿತ್ತ, ನಾಲ್ಕೂ ಮೂಲಿ ಕರ್ರಗ. ನನ್ನ ಜೀವಾನ ಹಾರಿತ್ತ."

ಸತ್ಯಭಾಮಾಳ ಕೈ ನಿಂತಿತು. "ಯಾವ ಕಾಗದ?"

"ಸಾವಿನ ಕಾಗದ. ಮತ್ಯಾವುದಕ್ಕ ಮೂಲಿ ಕರಿ ಮಾಡತಾರ? ಬಾಜೂ ಮನಿ ದೊಡ್ಡಯ್ಯ ತಂದಕೊಟ್ಟ. ಓದಿದ್ರ ತಾನs ಸೂತಕ? ಹಂದರದಾಗ ಮಂದಿ ಕುಂತಾರ, ಅಕ್ಕಿಕಾಳ ಬಿದ್ದಿಲ್ಲ ಇನ್ನಾ. ಒಡದೂ ನೋಡಲಿಲ್ಲ, ನೀರೊಲಿಗೆ ಹಾಕಿಬಿಟ್ಟೆ." ಅವ್ವ ನಕ್ಕಳು. "ಮಜಾ ಅಂದ್ರ, ಆಮ್ಯಾಲೆ ನೋಡಿದ್ರ ಯಾರೂ ಸತ್ತಿರಲಿಲ್ಲ! ಮ್ಯಾಲೆ ನಿನ್ನ ಹೆಸರ ಐತಿ ಅಂದಿದ್ದ ದೊಡ್ಡಯ್ಯ. ಖೋಡಿ, ಹುಡುಗಿ ಹೆಸರಿಗೆ ಯಾರರೆ ಸಾವಿನ ಕಾಗದ ಬರೀತಾರೇನ?"

ಅವಳ ಹೆಸರಿಗೆ ಕಾಗದ ಬರೆಯುವವನು ಆಗ ಇದ್ದದ್ದು ಒಬ್ಬನೇ. ಗಣಿಯ ಸರ್ವೇ ಆಫೀಸಿನ ವಿಜಯೇಂದ್ರ. ಕೆಲಸ ಬಿಟ್ಟು ತನ್ನೂರು ಗದಗಿಗೆ ಹೊರಟಾಗ ಹೇಳಿದ್ದ: "ನಮ್ಮ ಲಗ್ನಕ್ಕ ನಮ್ಮವ್ವನ್ನ ಕೇಳತೇನಿ. ಹೂಂ ಅಂದ್ರೂ ಬರೀತೇನಿ, ಒಲ್ಲೆ ಅಂದ್ರೂ ಬರೀತೇನಿ. ನನ್ನ ಕಾಗದ ಬರೂತನಕಾ ನೀ ಬರೀಬ್ಯಾಡ."

ಇಪ್ಪತ್ತೆರಡು ವರ್ಷ. ಆ ಮಾತನ್ನು ಹಿಡಿದು, ಬಂದ ವರಗಳನ್ನೆಲ್ಲ ಏನಾದರೊಂದು ಕುಂದು ತೆಗೆದು ತಿರುಗಿಸಿದ್ದಳು. ಮೊದಲು ಕಾದಳು, ಆಮೇಲೆ ಶಪಿಸಿದಳು. ಮೂರು ವರ್ಷದ ಹಿಂದೆ ಅವನು ತೀರಿಕೊಂಡ ಸುದ್ದಿ ಬಂದಾಗ, ಮಾತಿಗೆ ತಪ್ಪಿದವನಿಗೆ ಏನು ಅಳುವುದು ಎಂದು ರೊಟ್ಟಿ ಬಡಿಯುತ್ತಲೇ ಇದ್ದಳು.

ಆಗೆಲ್ಲ ಓಣಿಯ ಟಪಾಲು ಗಣಿಯ ಆಫೀಸಿಗೆ ಬರುತ್ತಿತ್ತು. ಪಾಳಿ ಮುಗಿಸಿದವರು ಮನೆಗೆ ಬರುವಾಗ ತಂದು ಹಂಚುತ್ತಿದ್ದರು.

"ಅವ್ವಾ, ಅದು ಸಾವಿನ ಕಾಗದ ಅಲ್ಲ," ಎಂದಳು ನಿಧಾನಕ್ಕೆ. "ಅವತ್ತ ದೊಡ್ಡಯ್ಯ ಕಾಕಾ ಗಣಿಯಿಂದ ಸೀದಾ ಲಗ್ನದ ಊಟಕ್ಕ ಬಂದಿದ್ದ. ಅವನ ಕೈಯಾಗಿನ ಇದ್ದಲಿ ಮಸಿ ಅದು."

ಅವ್ವನ ನಗು ಅರ್ಧಕ್ಕೇ ಉಳಿಯಿತು. "ಹೌದಲ್ಲs... ಯಾರದಿತ್ತ ಹಂಗಾದ್ರ?"

"ವಿಜಯೇಂದ್ರಂದು."

"ಸರ್ವೇದಂವಾ? ಅಂವಾ ನಿನಗ್ಯಾಕ—"

ಅವ್ವ ಮಗಳ ಬೈತಲೆಯ ನರೆಗೂದಲನ್ನು ಮೊದಲ ಸಲ ಕಂಡವಳಂತೆ ನೋಡಿದಳು. ತಿರುಗಿಸಿ ಕಳಿಸಿದ ಒಂದೊಂದು ವರವೂ ನೆನಪಾಗುತ್ತಿತ್ತೋ ಏನೋ, ತುಟಿ ಅಲುಗುತ್ತಿತ್ತು.

"ಏನ ಬರದಿದ್ನವಾ?"

"ನನಗೇನ ಗೊತ್ತ? ಸುಟ್ಟಾಕಿ ನೀನು."

ಗಾಡಿ ಬಂದು ಹಾರ್ನು ಹೊಡೆಯಿತು. ಸತ್ಯಭಾಮಾ ಎದ್ದು ಕ್ರೇಟು ಎತ್ತಿದಳು. ಅವನು ಬರೆದಿದ್ದ, ಉತ್ತರ ಕೊಡದೆ ಉಳಿದವಳು ತಾನು. ಎಷ್ಟು ದಿನ ದಾರಿ ನೋಡಿದ್ದನೋ, ಏನೆಂದು ಶಪಿಸಿದ್ದನೋ. ಆ ಋಣ ತೀರಿಸೋಣವೆಂದರೆ ಗದಗಿನಲ್ಲಿ ಈಗ ಅವನಿರಲಿಲ್ಲ.

"ಸತ್ಯವ್ವಾ, ಲಗ್ನಕ್ಕ ಹೂಂ ಅಂತs ಬರದಿದ್ನೇನ?" ಹಿಂದಿನಿಂದ ಅವ್ವ ಮತ್ತೆ ಕೇಳಿದಳು.

ಅವಳು ತಿರುಗಿ ನೋಡದೆ ಗಾಡಿಯ ಕಡೆ ನಡೆದಳು.