ಗರಗಸದ ಹಣೆ

ಕೊಟ್ಟಿಗೆಹಾರದ ಕಡೆಯ ಎಸ್ಟೇಟೊಂದರ ಬಿಳಿ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಸಾಮಾನನ್ನೆಲ್ಲ ಹರಾಜು ಹಾಕಿಸಿದ. ವ್ಯವಹಾರ ಬಲ್ಲವರು ಮಂಚ ಹಿಡಿದರು, ಕುರ್ಚಿ ಹಿಡಿದರು, ಪಿಂಗಾಣಿ ತಟ್ಟೆ ಹಿಡಿದರು. ಜಾವಳಿಯ ಮಲ್ಲಿಕಾರ್ಜುನಪ್ಪ ಮಂಚ ತರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟು ಹೋದವನು ಯಾರೂ ಕೇಳದ ಒಂದು ಕಬ್ಬಿಣದ ಮಿಷನ್ನನ್ನು ಗಾಡಿಗೆ ಹೇರಿಸಿಕೊಂಡು ಬಂದ. ಭಾಗಮ್ಮ ಹೊಸ್ತಿಲಲ್ಲಿ ನಿಂತು ಗಾಡಿಯನ್ನು ನೋಡಿದಳು, ಗಂಡನನ್ನು ನೋಡಿದಳು, ಒಳಗೆ ಹೋದಳು. ಅವತ್ತಿನ ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಕೇಳುವ ಧೈರ್ಯ ಅವನಿಗೂ ಬರಲಿಲ್ಲ.

ಅದು ಕಾಲಲ್ಲಿ ತುಳಿಯುವ ಗರಗಸ. ಕೆಳಗೆ ಹೊಲಿಗೆ ಮಿಷನ್ನಿಗಿರುವಂಥ ಮೆಟ್ಟು, ಪಕ್ಕದಲ್ಲಿ ಭಾರದ ಚಕ್ರ, ಮೇಲೆ ಒಂದರ ಮೇಲೊಂದು ಚಾಚಿದ ಎರಡು ಉದ್ದನೆಯ ತೋಳು. ತೋಳುಗಳ ತುದಿಯ ನಡುವೆ ಬಿಗಿದ ಅಲಗು ಹುರಿಯಷ್ಟೇ ತೆಳು. ಮೆಟ್ಟು ತುಳಿದರೆ ಅಲಗು ಮೇಲೆ ಕೆಳಗೆ ಓಡುತ್ತದೆ. ಹಲಗೆಯನ್ನು ಅದಕ್ಕೆ ಕೊಟ್ಟು, ಬರೆದ ಗೆರೆ ಹೋದಂತೆ ತಿರುಗಿಸುತ್ತ ಬಂದರೆ ಬಳ್ಳಿ, ಹೂವು, ನವಿಲು, ಏನು ಬೇಕೋ ಅದು ಬಿಡಿಸಿಕೊಂಡು ಬರುತ್ತದೆ. ಮಲ್ಲಿಕಾರ್ಜುನಪ್ಪನಿಗೆ ಇದ್ದದ್ದು ಸಣ್ಣ ಕಾಫಿ ತೋಟ, ಮನಸ್ಸಿದ್ದದ್ದು ಮರಗೆಲಸದಲ್ಲಿ. ನಾಲ್ಕು ಜನ ಕೂತು ಕಾಫಿಯ ದರ ಮಾತಾಡುವಾಗ ಅವನು ಕೂತ ಬೆಂಚಿನ ಹಲಗೆ ಯಾವ ಮರದ್ದೆಂದು ಉಗುರಿನಿಂದ ಕೆರೆದು ನೋಡುತ್ತಿದ್ದ. ಅಂಥವನಿಗೆ ಈ ಮಿಷನ್ನು ಸಿಕ್ಕಿದ್ದು ಸ್ವರ್ಗವೇ ಸಿಕ್ಕಂತಾಯಿತು. ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಬೀಜ ತುಂಬುವ ಕೋಣೆಯ ಪಕ್ಕದ ಚಾವಡಿಯಲ್ಲಿ ಅದನ್ನು ನಿಲ್ಲಿಸಿದ.

ಅವನ ತಾಯಿ ದೇವೀರಮ್ಮ ಮನೆಗೆ ಹೊಸದಾಗಿ ಏನೇ ಬರಲಿ, ಹಸುವೇ ಆಗಲಿ ಸೊಸೆಯೇ ಆಗಲಿ, ವಿಭೂತಿ ಹಚ್ಚದೆ ಬಿಡುವವಳಲ್ಲ. ಮಿಷನ್ನಿಗೂ ಆ ಭಾಗ್ಯ ಬಂತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಕೈಯಲ್ಲಿ ಉಳಿದ ವಿಭೂತಿ ಸಮೇತ ನೇರ ಚಾವಡಿಗೆ ಬರುತ್ತಿದ್ದಳು. ಎರಡು ತೋಳುಗಳು ಹಿಂದುಗಡೆ ಬಂದು ಕೂಡುವ ಕಡೆ ಎತ್ತರದಲ್ಲಿ ಒಂದು ಚಪ್ಪಟೆ ಜಾಗವಿತ್ತು. ಅಲ್ಲಿ ಮೂರು ಬೆರಳಿನಿಂದ ಮೂರು ಗೆರೆ ಎಳೆದು ಕೈಮುಗಿಯುತ್ತಿದ್ದಳು. ಎಣ್ಣೆ ಬಿಡುವ ಎರಡು ಸಣ್ಣ ತೂತುಗಳಿದ್ದದ್ದೂ ಅಲ್ಲಿಯೇ. ಆಮೇಲೆ ಮಗ ಬಂದು ಆ ತೂತುಗಳಿಗೆ ಎಣ್ಣೆ ಬಿಡುತ್ತಿದ್ದ. ತಾಯಿಯದು ವಿಭೂತಿ, ಮಗನದು ಎಣ್ಣೆ, ಇಬ್ಬರಿಗೂ ತಮ್ಮ ತಮ್ಮ ಪಾಲಿನ ಪುಣ್ಯ.

ಮೊದಮೊದಲು ಮಿಷನ್ನು ಅವನನ್ನು ಚೆನ್ನಾಗಿಯೇ ಆಟವಾಡಿಸಿತು. ಅಲಗಿನ ಹಲ್ಲು ಮೇಲ್ಮುಖವಾಗಿ ಬಿಗಿದುಬಿಟ್ಟಿದ್ದ. ತುಳಿದ ಕೂಡಲೇ ಹಲಗೆ ಎದ್ದು ಎದ್ದು ಕುಣಿದು ಗಲ್ಲಕ್ಕೆ ಬಡಿಯಿತು. ಹಲ್ಲು ಕೆಳಮುಖ ಮಾಡಿದ ಮೇಲೆ ಸುಮ್ಮನಾಯಿತು. ಅಲಗು ಸಡಿಲವಿದ್ದರೆ ಗೆರೆ ಬಿಟ್ಟು ಅಲೆಯುತ್ತದೆ, ಬಿಗಿ ಹೆಚ್ಚಾದರೆ ಪಟ್ಟೆಂದು ಮುರಿಯುತ್ತದೆ. ಬೆರಳಿನಿಂದ ಮೀಟಿ, ಏಕತಾರಿಯ ತಂತಿಯನ್ನು ಕೇಳಿದ ಹಾಗೆ ಕಿವಿಗೊಟ್ಟು, ಸರಿಯಾದ ಬಿಗಿ ಯಾವುದೆಂದು ಕಂಡುಕೊಂಡ. ಥಂಡಿಗೆ ಚಕ್ರದ ಚರ್ಮದ ಬೆಲ್ಟು ಜಾರಿದರೆ ಧೂಪದ ಮರದ ಅಂಟು ಸವರಿದ. ಹೀಗೆ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡ ಮೇಲೆ ಇಬ್ಬರಿಗೂ ಬಹಳ ಹೊಂದಿಕೆಯಾಯಿತು. ಭಾಗಮ್ಮ ಮಾತ್ರ ಅದನ್ನು ನಿಮ್ಮ ಕಿರಿ ಹೆಂಡತಿ ಎಂದೇ ಕರೆಯುತ್ತಿದ್ದಳು.

ಅಷ್ಟರಲ್ಲಿ ಮಗಳು ವಿಮಲ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಚೊಚ್ಚಲ ಮಗುವಿನ ತೊಟ್ಟಿಲು ತವರಿನದೇ ಆಗಬೇಕು. ಮಲ್ಲಿಕಾರ್ಜುನಪ್ಪ ವರ್ಷಗಳಿಂದ ಕೂಡಿಟ್ಟ ಬೀಟೆ ಹಲಗೆಗಳನ್ನು ಅಟ್ಟದಿಂದ ಇಳಿಸಿದ. ನಾಲ್ಕೂ ಕಡೆ ಬಳ್ಳಿಯ ಜಾಲರಿ, ತಲೆಯ ಕಡೆ ಗರಿ ಬಿಚ್ಚಿದ ಎರಡು ನವಿಲು ಎಂದು ಬರೆದುಕೊಂಡ. ಈ ಸುದ್ದಿ ಚಿಕ್ಕಮಗಳೂರಿನ ಬೀಗರು ಓಂಕಾರಮೂರ್ತಿಯವರಿಗೂ ಮುಟ್ಟಿತು. ಅವರ ಮನೆಯಲ್ಲಿ ತಾತನ ಕಾಲದ ಕೆತ್ತನೆಯ ತೊಟ್ಟಿಲಿತ್ತು, ಅದರ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು. ಸೊಸೆಯನ್ನು ನೋಡಲು ಬಂದವರು ಹೊರಡುವಾಗ ಮೀಸೆಯಡಿ ನಕ್ಕು ಒಂದು ಮಾತು ಬಿಟ್ಟು ಹೋದರು.

“ನಾಮಕರಣಕ್ಕೆ ಮಿಷನ್ ತೊಟ್ಟಿಲು ಆಗ್ಲಿಲ್ಲ ಅಂದ್ರೆ ಚಿಂತೆ ಮಾಡ್ಬೇಡಿ ಬೀಗ್ರೇ. ನಮ್ದನ್ನೇ ಗಾಡೀಲಿ ಹಾಕ್ಕೊಂಡು ಬರ್ತೀನಿ.”

ಮಲ್ಲಿಕಾರ್ಜುನಪ್ಪನೂ ನಕ್ಕ. ಆದರೆ ಮಾತು ಒಳಗೆ ನಾಟಿತು. ತನ್ನ ಮನೆಯಲ್ಲಿ, ತನ್ನ ಕಣ್ಣೆದುರು, ತನ್ನ ಮೊದಲ ಮೊಮ್ಮಗು ಬೇರೆಯವರ ತೊಟ್ಟಿಲಲ್ಲಿ ಮಲಗುವುದೆಂದರೆ ಅವನಿಗೆ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ.

ಮಗು ಹುಟ್ಟಿತು, ಹೆಣ್ಣು. ಬಾಣಂತಿ ಕೋಣೆ ಚಾವಡಿಗೆ ಅಂಟಿಕೊಂಡೇ ಇತ್ತು. ಗರಗಸದ ಗುರ್ರೆನ್ನುವ ಸದ್ದಿಗೆ ಮಗು ಹೆದರೀತೆಂದು ಎಲ್ಲರೂ ಅಂದುಕೊಂಡಿದ್ದರೆ, ಆ ಪುಟ್ಟ ದೊರೆಸಾನಿ ಆ ಸದ್ದಿಗೇ ಕಣ್ಣು ಮುಚ್ಚುತ್ತಿದ್ದಳು. ಸದ್ದು ನಿಂತರೆ ಎಚ್ಚರ. ಅಜ್ಜನಿಗೆ ಅದಕ್ಕಿಂತ ಹೆಚ್ಚಿನ ಹೊಗಳಿಕೆ ಬೇಕಿರಲಿಲ್ಲ.

ಜಾಲರಿ ಮುಗಿದು ನವಿಲಿಗೆ ಕೈ ಹಾಕಬೇಕು, ಆಗ ಮಿಷನ್ನು ಕೈಕೊಟ್ಟಿತು. ಗುರ್ರೆನ್ನುತ್ತಿದ್ದದ್ದು ಟಕಟಕ ಎನ್ನತೊಡಗಿತು. ಮೇಲಿನ ತೋಳು ಅತ್ತಿತ್ತ ವಾಲಾಡಿ ಗೆರೆ ತಪ್ಪಿತು, ಅಲಗುಗಳು ಒಂದರ ಹಿಂದೊಂದು ಮುರಿದವು. ದೊರೆಯ ಕಾಲದ ಅಲಗಿನ ಪೊಟ್ಟಣ ತೆಳ್ಳಗಾಗುತ್ತ ಬಂತು. ಮಲ್ಲಿಕಾರ್ಜುನಪ್ಪ ಬೆಲ್ಟು ಬಿಚ್ಚಿ ಹಾಕಿದ, ಚಕ್ರ ಕಳಚಿ ಕೂರಿಸಿದ, ಮಿಷನ್ನಿನ ಕಾಲಿಗೆ ಕಲ್ಲು ಕೊಟ್ಟು ಅಲುಗದ ಹಾಗೆ ನಿಲ್ಲಿಸಿದ, ತೂತುಗಳಿಗೆ ದಿನಕ್ಕೆರಡು ಸಲ ಎಣ್ಣೆ ಕುಡಿಸಿದ. ಸದ್ದು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮಗು ಆ ಟಕಟಕಕ್ಕೆ ಬೆಚ್ಚಿ ಕಿರುಚತೊಡಗಿತು.

ದೇವೀರಮ್ಮನಿಗೆ ಕಾರಣ ಸ್ಪಷ್ಟವಾಗಿತ್ತು. ಇಷ್ಟು ಚೆನ್ನಾಗಿರುವ ಮಿಷನ್ನಿಗೆ ದೃಷ್ಟಿ ಬಿದ್ದಿದೆ. ಅದೂ ಯಾರದೆಂದು ಹೇಳಬೇಕಿಲ್ಲ, ಮೀಸೆ ಇದ್ದವರದು. ಅವಳು ಕಳಸದ ಕಳಸೇಶ್ವರನಿಗೆ ಹರಕೆ ಹೊತ್ತಳು, ವಿಭೂತಿಯನ್ನೂ ಹೆಚ್ಚಿಸಿದಳು. ಬೆಳಿಗ್ಗೆ ಒಂದಾವರ್ತಿ ಇದ್ದದ್ದು ಸಂಜೆಗೂ ಬಂತು. ಮೂರು ಗೆರೆ ಹೋಗಿ ಇಡೀ ಅಂಗೈಯ ಬಳಿತವಾಯಿತು. ಸದ್ದು ಜೋರಾದಷ್ಟೂ ವಿಭೂತಿ ದಪ್ಪವಾಯಿತು, ವಿಭೂತಿ ದಪ್ಪವಾದಷ್ಟೂ ಸದ್ದು ಜೋರಾಯಿತು.

ಹೂಮಳೆ ಬಿದ್ದು ಕಾಫಿ ಗಿಡಗಳು ಮೊಗ್ಗು ಹಿಡಿದವು. ಹೂ ಅರಳುವ ವಾರದಲ್ಲೇ ನಾಮಕರಣ. ಮಲ್ಲಿಕಾರ್ಜುನಪ್ಪ ಹಿತ್ತಲಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದ. ಸೋತೆನೆಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಭಾಗಮ್ಮ ಎದುರಿಗೆ ಹಿತ್ತಾಳೆ ಪಾತ್ರೆಗಳನ್ನು ಹರಡಿಕೊಂಡು ಒಲೆಯ ಬೂದಿ, ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಒಂದು ಕೊಡವನ್ನು ಬಿಸಿಲಿಗೆ ಎತ್ತಿ ಹಿಡಿದು, ಅಪ್ಪ ಮದುವೆಯಲ್ಲಿ ಕೊಟ್ಟದ್ದು, ಬೂದಿ ಹಾಕಿ ಉಜ್ಜಿ ಉಜ್ಜಿ ತಳ ಕಾಗದದಷ್ಟಾಗಿದೆ, ಹೊಸದು ತರುವ ಯೋಚನೆ ಇದೆಯೋ ಅಥವಾ ಅದೂ ಕಿರಿ ಹೆಂಡತಿಗೇ ಹೋಯಿತೋ ಎಂದು ಕೇಳಿದಳು.

ಗಂಡ ಕೊಡದಿಂದ ಇಳಿದು ಬರುತ್ತಿದ್ದ ಕಪ್ಪು ಬೂದಿನೀರನ್ನೇ ನೋಡುತ್ತಿದ್ದ. ಮಿಷನ್ನಿನ ತೋಳಿನ ಸಂದಿಯಿಂದ ಒಸರುತ್ತಿದ್ದ ಎಣ್ಣೆಯದೂ ಇದೇ ಬಣ್ಣ. ಲೋಟವನ್ನು ಅಲ್ಲೇ ಇಟ್ಟು ಚಾವಡಿಗೆ ಓಡಿದ.

ತೋಳು ತಿರುಗುವ ಕಡೆ ಒಳಗೊಂದು ಹಿತ್ತಾಳೆಯ ಬಳೆ ಇರುತ್ತದೆ, ಅದರೊಳಗೆ ಕಬ್ಬಿಣದ ಕಡ್ಡಿ. ಕಡ್ಡಿಯನ್ನು ಬಡಿದು ಹೊರಗೆ ತೆಗೆದ. ಎರಡೂ ತೋಳಿನ ಬಳೆಗಳು ಆಗ ತಾನೆ ತಿಕ್ಕಿದ ಪಾತ್ರೆಯ ಹಾಗೆ ಫಳಫಳ ಹೊಳೆಯುತ್ತಿದ್ದವು, ಸವೆದು ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದವು. ಅಷ್ಟು ದಿನವೂ ವಿಭೂತಿ ತೂತಿನಲ್ಲಿಳಿದಿತ್ತು, ಹಿಂದೆಯೇ ಅವನ ಎಣ್ಣೆ ಅದನ್ನು ಒಳಗೆ ಕೊಂಡೊಯ್ದಿತ್ತು. ಅವನು ತುಳಿದಷ್ಟೂ ಅದು ತಿಕ್ಕಿತ್ತು. ತಾಯಿ ಮಗ ಸೇರಿ ಮಿಷನ್ನಿನ ಕರುಳನ್ನೇ ಬೆಳಗಿಬಿಟ್ಟಿದ್ದರು.

ಕಾರಣ ಸಿಕ್ಕ ಸಂತೋಷಕ್ಕೆ ಅವನು ಒಬ್ಬನೇ ನಕ್ಕ. ಮರುಕ್ಷಣ ನಗು ಇಂಗಿತು. ಇದನ್ನು ಅವ್ವನಿಗೆ ಹೇಗೆ ಹೇಳುವುದು? ನಿನ್ನ ವಿಭೂತಿಯೇ ಹಾಳು ಮಾಡಿದ್ದು ಎಂದರೆ ಆ ಮುದುಕಿ ತಡೆದುಕೊಂಡಾಳೇ? ಉಪಾಯವಾಗಿ ತೂತುಗಳ ಮೇಲೆ ಬಟ್ಟೆ ಕಟ್ಟಿದ. ಸಂಜೆ ದೇವೀರಮ್ಮ ಬಂದವಳು ಬಟ್ಟೆ ಬಿಚ್ಚಿ, ಮಡಿಚಿ ಬದಿಗಿಟ್ಟು, ತುಂಬು ಅಂಗೈ ಬಳಿದು ಹೋದಳು. ಇನ್ನು ಬೇರೆ ದಾರಿ ಉಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಜಗುಲಿಯಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದಳು. ಅವನು ಸವೆದ ಬಳೆಗಳನ್ನು ಅವಳ ಮಡಿಲಿಗಿಟ್ಟು, ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ. ದೇವೀರಮ್ಮ ಒಂದು ಬಳೆಯನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದಳು. ಮುಖ ಗಂಭೀರವಾಯಿತು.

“ಶಿವ ಮೈತುಂಬಾ ಬೂದಿ ಬಳ್ಕೊಂಡ, ಕಣ್ಣಿಗೆ ಹಾಕ್ಕೊಂಡ್ನೇನೋ?” ಎಂದಳು. “ನಂಗೇನು ಗೊತ್ತು ಅದ್ರ ಕಣ್ಣು ಯಾವ್ದು, ಹಣೆ ಯಾವ್ದು ಅಂತ. ನೀನು ಮೊದ್ಲೇ ತೋರಿಸ್ಬೇಕಿತ್ತು, ಮಾರಾಯ.”

ಹೇಳಿ ಮುಗಿಸಿದವಳಿಗೆ ನಗು ಬಂತು. ಪಾಪದ್ದು, ಕಣ್ಣು ಉರಿಯುತ್ತದೆಂದು ಅದು ಕೂಗಿಕೊಂಡಷ್ಟೂ ನಾನು ಇನ್ನಷ್ಟು ತುಂಬುತ್ತಿದ್ದೆನಲ್ಲೋ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬತ್ತಿಗಳೆಲ್ಲ ಜಗುಲಿಯ ತುಂಬ ಚೆಲ್ಲಿದವು. ಮಲ್ಲಿಕಾರ್ಜುನಪ್ಪನಿಗೆ ಹೊತ್ತಿದ್ದ ಹೊರೆ ಇಳಿದಂತಾಯಿತು. ಒಳಗಿನಿಂದ ಭಾಗಮ್ಮ ಬಂದು ಏನಾಯಿತೆಂದು ಕೇಳಿದರೆ ತಾಯಿ ಮಗ ಇಬ್ಬರೂ ಬಳೆ ತೋರಿಸಿ ಮತ್ತೆ ನಕ್ಕರು.

ನಗು ಮುಗಿದ ಮೇಲೆ ದೇವೀರಮ್ಮ ಕೆಲಸದ ಮಾತಿಗೆ ಬಂದಳು. ಹೊಸ ಬಳೆ ಎಲ್ಲಿ ಸಿಗುತ್ತದೆಂದು ಕೇಳಿದಳು. ಚಿಕ್ಕಮಗಳೂರಿನಲ್ಲಿ ಎರಕ ಹೊಯ್ಯಿಸಬೇಕು, ಹೋಗಿ ಬರುವಷ್ಟರಲ್ಲಿ ನಾಮಕರಣ ಮುಗಿದಿರುತ್ತದೆ ಎಂದ. ಹಿತ್ತಾಳೆಯೇ ಆಗಬೇಕೋ ಎಂದು ಕೇಳಿದಳು. ಗಟ್ಟಿಯಾಗಿರಬೇಕು, ನುಣುಪಾಗಿರಬೇಕು, ಎಣ್ಣೆ ಹಿಡಿದಿಟ್ಟುಕೊಳ್ಳಬೇಕು, ಅಷ್ಟಾದರೆ ಸಾಕು ಎಂದ. ಅವಳು ಎದ್ದು ಒಳಗೆ ಹೋಗಿ ತನ್ನ ಒನಕೆ ತಂದಳು.

ಬೈನೆ ಮರದ, ಕಲ್ಲಿನಷ್ಟು ಗಟ್ಟಿಯಾದ ಕರಿ ಚೇಗಿನ ಒನಕೆ ಅದು, ಅವಳ ಅತ್ತೆಯ ಕಾಲದ್ದು. ಎರಡು ತಲೆಮಾರಿನ ಹೆಂಗಸರ ಕೈ ಉಜ್ಜಿ ಉಜ್ಜಿ ಗಾಜಿನಂತಾಗಿತ್ತು. ಆ ಮನೆಯ ಎಷ್ಟು ಹಬ್ಬದ ಅಕ್ಕಿ ಅದರಡಿ ಹಸನಾಗಿತ್ತೋ ಲೆಕ್ಕವಿಲ್ಲ. ಮಲ್ಲಿಕಾರ್ಜುನಪ್ಪ ಅದನ್ನು ಕೈಗೆ ತೆಗೆದುಕೊಳ್ಳಲೇ ಹಿಂಜರಿದ.

“ಕೊಯ್ಯೋ,” ಎಂದಳು ದೇವೀರಮ್ಮ. “ನಾನು ಇನ್ನು ಕುಟ್ಟೋದು ಅಷ್ಟರಲ್ಲೇ ಇದೆ. ಮರಿಮಗಳ ತೊಟ್ಟಿಲಿಗಾದ್ರೂ ಆಗ್ಲಿ.”

ಕೈಗರಗಸದಿಂದ ತುದಿ ಕೊಯ್ದು, ಬೈರಿಗೆಯಿಂದ ನಟ್ಟನಡುವೆ ತೂತು ಕೊರೆದು, ಎರಡು ಬಳೆ ಮಾಡಿದ. ಕಾಸಿದ ಎಣ್ಣೆಯಲ್ಲಿ ಅವನ್ನು ನೆನೆಹಾಕಿದ. ಮಿಷನ್ನಿನ ಸಂದಿಗೊಂದಿಯನ್ನೆಲ್ಲ ಸೀಮೆಎಣ್ಣೆಯಿಂದ ತೊಳೆದ. ಮರದ ಬಳೆ ಕೂರಿಸಿ, ಎಣ್ಣೆಯ ತೂತುಗಳಿಗೆ ಚರ್ಮದ ಪುಟ್ಟ ಟೋಪಿ ಹೊಲಿದು ಹಾಕಿದ. ಪೊಟ್ಟಣದಲ್ಲಿ ಉಳಿದಿದ್ದ ಕಡೆಯ ಅಲಗನ್ನು ಬಿಗಿದು, ಮೀಟಿ ನೋಡಿ, ಮೆಟ್ಟು ತುಳಿದ.

ಟಕಟಕವಿಲ್ಲ. ಹಳೆಯ ಗುರ್ರೆನ್ನುವ ಸದ್ದು, ಮೊದಲಿಗಿಂತಲೂ ಮೆತ್ತಗೆ. ಪಕ್ಕದ ಕೋಣೆಯಲ್ಲಿ ಅಳುತ್ತಿದ್ದ ಮಗು ಅರ್ಧಕ್ಕೇ ನಿಲ್ಲಿಸಿತು. ಮಲ್ಲಿಕಾರ್ಜುನಪ್ಪನ ಕಣ್ಣಲ್ಲಿ ನೀರು ಬಂತು, ಮರದ ಪುಡಿ ಬಿತ್ತೆಂದು ಒರೆಸಿಕೊಂಡ. ಆ ಒಂದೇ ಅಲಗಿನಲ್ಲಿ ಎರಡು ನವಿಲೂ ಗರಿಗರಿಯಾಗಿ ಎದ್ದು ಬಂದವು.

ನಾಮಕರಣದ ದಿನ ತೋಟವೆಲ್ಲ ಬೆಳ್ಳಗೆ ಅರಳಿ ಮನೆಯೊಳಗೂ ಕಾಫಿ ಹೂವಿನ ಘಮ ತುಂಬಿತ್ತು. ಓಂಕಾರಮೂರ್ತಿಯವರ ಗಾಡಿ ಬಂತು. ಅದರಲ್ಲಿ ಚಾಪೆ ಹೊದಿಸಿದ ದೊಡ್ಡದೊಂದು ಏನೋ ಇತ್ತು, ಏನೆಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಬೀಗರು ಒಳಗೆ ಬಂದು ತೊಟ್ಟಿಲನ್ನು ಸುತ್ತು ಹಾಕಿ ನೋಡಿದರು, ನವಿಲಿನ ಗರಿಯ ಮೇಲೆ ಬೆರಳಾಡಿಸಿದರು. ಹೊರಗೆ ಹೋಗಿ ಗಾಡಿಯವನಿಗೆ ಮೆಲ್ಲಗೆ ಏನೋ ಹೇಳಿದರು. ಚಾಪೆ ಹೊದಿಸಿದ್ದು ಕೆಳಗಿಳಿಯಲೇ ಇಲ್ಲ.

ಉಳಿದ ಶಾಸ್ತ್ರ ಮುಗಿಸಿ ಹೆಂಗಸರು ಮಗುವನ್ನು ತೊಟ್ಟಿಲಿಗೆ ಹಾಕಿ ಜೋಗುಳ ಎತ್ತಿದರು. ಮಗು ಮುಖ ಕೆಂಪಗೆ ಮಾಡಿಕೊಂಡು ಅಳತೊಡಗಿತು. ಎರಡನೆಯ ಜೋಗುಳ ಬಂತು, ಮೂರನೆಯದು ಬಂತು, ಅಳು ಜೋಗುಳವನ್ನೇ ಮೀರಿಸಿತು. ಬೀಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಲ್ಲಿಕಾರ್ಜುನಪ್ಪ ಬೆವರಿದ. ಆಗ ಭಾಗಮ್ಮ ಗುಂಪಿನ ನಡುವಿನಿಂದ ಗಂಡನ ಕಡೆ ತಿರುಗಿದಳು.

“ಇಲ್ಲೇನು ನಿಂತಿದ್ದೀರಿ? ಹೋಗಿ ತುಳೀರಿ ಅದನ್ನ.”

ಅವನು ಚಾವಡಿಗೆ ಓಡಿ, ಅಲಗಿಲ್ಲದ ಬರೀ ಮಿಷನ್ನನ್ನೇ ತುಳಿಯಲಾರಂಭಿಸಿದ. ಗುರ್ರೆನ್ನುವ ಸದ್ದು ಎದ್ದಿತು. ಒಳಗೆ ಅಳು ಸಣ್ಣಗಾಯಿತು, ಬಿಕ್ಕಳಿಕೆಯಾಯಿತು, ನಿಂತಿತು. ಹೆಂಗಸರ ನಗು ಕೇಳಿಸಿತು, ಓಂಕಾರಮೂರ್ತಿಯವರ ದೊಡ್ಡ ನಗುವೂ ಅದರ ಜೊತೆಗೆ. ಮೊಮ್ಮಗಳ ತೊಟ್ಟಿಲ ಶಾಸ್ತ್ರ ನೋಡುವ ಭಾಗ್ಯ ಅಜ್ಜನಿಗೆ ತಪ್ಪಿತು. ನಿಲ್ಲಿಸಿದರೆ ಮಗು ಏಳುತ್ತದಲ್ಲ. ಅವನು ಒಬ್ಬನೇ ತುಳಿಯುತ್ತ, ಒಬ್ಬನೇ ನಗುತ್ತ ಕೂತಿದ್ದ. ಅಷ್ಟು ಸಂತೋಷ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ.

ದೇವೀರಮ್ಮ ಬಾಗಿಲಲ್ಲಿ ಕಾಣಿಸಿಕೊಂಡಳು, ಕೈಯಲ್ಲಿ ವಿಭೂತಿ. ಅವನು ಕಾಲು ನಿಲ್ಲಿಸದೆಯೇ ಚರ್ಮದ ಟೋಪಿಗಳಿಗೆ ಕೈ ಅಡ್ಡ ಹಿಡಿದ. ಅವಳು ಮಿಷನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮೂರು ಬೆರಳು ಎತ್ತಿ ಯೋಚಿಸಿದಳು.

“ಈಗ್ಲಾದ್ರೂ ಹೇಳು, ಇದ್ರ ಹಣೆ ಯಾವ್ದು?”

ಅವನಿಗೂ ಗೊತ್ತಿರಲಿಲ್ಲ. ನಗುತ್ತ ತಲೆಯಾಡಿಸಿದ. ದೇವೀರಮ್ಮ ಹತ್ತಿರ ಬಂದಳು.

“ಇದೇ ಇರ್ಬೇಕು,” ಎಂದು ಬೆವರಿದ್ದ ಮಗನ ಹಣೆಯನ್ನು ಸೆರಗಿನಿಂದ ಒರೆಸಿ ಮೂರು ಗೆರೆ ಎಳೆದಳು.