ಬೇಕಂತಲೇ ಕೆಡಿಸಿದ ಪರೀಕ್ಷೆ

ಪೆನ್ಸಿಲ್ವೇನಿಯಾದ ಆ ಉಕ್ಕಿನ ಊರಿನಲ್ಲಿ ಮೂರು ಶಾಲೆಗಳಿಗೆ ಲೊರೆಟ್ಟಾ ಒಬ್ಬಳೇ ಮಾತು ತಿದ್ದುವ ಟೀಚರು. ತೊದಲುವವರು, ಮಾತೇ ಬಾರದವರು, ತಲೆಗೆ ಪೆಟ್ಟು ಬಿದ್ದು ಮಾತು ತಡವರಿಸುವವರು, ಎಲ್ಲರೂ ಅವಳ ಪಾಲಿಗೇ. ಆ ಗುರುವಾರ ಮಧ್ಯಾಹ್ನದ ಹೊತ್ತಿಗಾಗಲೇ ಅವಳ ಗಂಟಲಿನ ಪಸೆ ಆರಿಹೋಗಿತ್ತು.

ಎಂಟನೇ ಕ್ಲಾಸಿನ ಕೊರಿನ್ ಬಂದು ಕೂತಳು. ಸಾಕರ್ ತಂಡದ ಗೋಲ್‌ಕೀಪರ್. ಹಿಂದಿನ ತಿಂಗಳು ಚೆಂಡಿಗೆ ಹಾರಿ ಕಂಬಕ್ಕೆ ತಲೆ ಬಡಿಸಿಕೊಂಡಿದ್ದಳು. ಆಟಗಾರರ ನೆನಪು, ಚುರುಕು ಅಳೆಯುವ ಕಂಪ್ಯೂಟರಿನ ಪರೀಕ್ಷೆಯಲ್ಲೇನೋ ಪಾಸಾಗಿದ್ದಳು. ಈ ವರ್ಷದ ಪಂದ್ಯಗಳು ಶುರುವಾಗುವ ಮೊದಲು, ಆಗಸ್ಟಿನಲ್ಲಿ, ತಂಡದವರೆಲ್ಲ ಇದೇ ಪರೀಕ್ಷೆ ಕೊಟ್ಟಾಗ ಬಂದಷ್ಟೇ ಅಂಕ ಈಗಲೂ ಬಂದಿತ್ತು. ಇನ್ನು ಲೊರೆಟ್ಟಾ ಹೂಂ ಅಂದರೆ ಶನಿವಾರದ ಪಂದ್ಯಕ್ಕೆ ಇಳಿಯಬಹುದು.

"ನಿಮ್ಮಜ್ಜಿ ಪಿರೋಗಿ ಕಡುಬು ಮಾಡ್ತಾರಲ್ಲ, ಹೇಗೆ ಅಂತ ಹೇಳು ನೋಡೋಣ."

"ಅದೇನ್ ಮಹಾ ಮಿಸ್! ಹಿಟ್ಟು ಕಲಸೋದು. ಆಲೂಗೆಡ್ಡೆ ಬೇಯ್ಸೋದು. ಆಮೇಲೆ ಚೀಸು… ಅದನ್ನ ಹಿಟ್ಟಿಗೆ… ಅಲ್ಲ, ಮೊದ್ಲು…" ಹುಡುಗಿ ನಕ್ಕಳು. "ನಮ್ಮಜ್ಜಿ ಗುಟ್ಟು ಬಿಟ್ಕೊಡಲ್ಲ ಮಿಸ್."

ನಗುವೇನೋ ಚೆನ್ನಾಗಿತ್ತು. ಆದರೆ ಹೋದ ಕ್ರಿಸ್‌ಮಸ್ಸಿಗೆ ಚರ್ಚಿನ ಅಡುಗೆಮನೆಯಲ್ಲಿ ಅಜ್ಜಿಯ ಪಕ್ಕ ನಿಂತು ಇದೇ ಹುಡುಗಿ ರಾಶಿರಾಶಿ ಪಿರೋಗಿ ಮಡಿಸಿದ್ದನ್ನು ಲೊರೆಟ್ಟಾ ಕಣ್ಣಾರೆ ಕಂಡಿದ್ದಳು. ಈಗ ಇಷ್ಟು ತಡವರಿಸುವವಳಿಗೆ ಪೆಟ್ಟು ಬೀಳುವ ಮೊದಲಿನಷ್ಟೇ ಅಂಕ ಬಂದದ್ದಾದರೂ ಹೇಗೆ?

"ಆಗಸ್ಟಲ್ಲಿ ಪರೀಕ್ಷೆ ಬೇಕಂತಲೇ ಕೆಡಿಸಿದ್ಯಾ?"

ಕೊರಿನ್ ತಲೆ ತಗ್ಗಿಸಿದಳು. "ಎಲ್ರೂ ಹಾಗೇ ಮಾಡೋದು ಮಿಸ್. ದೊಡ್ಡ ಹುಡ್ಗೀರು ಹೇಳ್ಕೊಡ್ತಾರೆ. ಮೊದ್ಲೇ ದಡ್ಡರ ಥರ ಒತ್ತಿಬಿಟ್ರೆ, ಪೆಟ್ಟು ಬಿದ್ಮೇಲೂ ಅಷ್ಟೇ ಬರುತ್ತೆ, ಆಟ ಬಿಡಿಸಿ ಕೂರಿಸಲ್ಲ ಅಂತ. ಕೋಚ್‌ಗೆ ಹೇಳ್ಬೇಡಿ. ನನ್ನಿಂದ ಎಲ್ರೂ ಸಿಕ್ಕಿಬೀಳ್ತಾರೆ."

"ಇದು ವಾಸಿಯಾಗೋಕ್ ಮುಂಚೆ ಇನ್ನೊಂದು ಪೆಟ್ಟು ಬಿದ್ರೆ, ಪಿರೋಗಿ ಇರಲಿ, ನಿನ್ನ ಹೆಸರೂ ನಿಂಗೆ ಬರಲ್ಲ ಕಣೇ."

ಹುಡುಗಿ ಬಾಗಿಲು ದಡಾರನೆ ಎಳೆದುಕೊಂಡು ಹೋದಳು.

ಗಂಟೆ ಬಾರಿಸಿದ ಮೇಲೆ, ಕೊರಿನ್‌ಳಿಂದ ಸುದ್ದಿ ತಿಳಿದ ಕೋಚ್ ಡ್ವೈಟ್ ಎದುರಾದ. "ಕಂಪ್ಯೂಟರೇ ಹೂಂ ಅಂದಿದೆ, ನಿಂದೇನಮ್ಮಾ ತಾಯಿ? ನಮ್ ಹುಡುಗಿ ಗೋಲ್ ತಡೀಬೇಕೋ, ಅಡುಗೆ ಮಾಡ್ಬೇಕೋ?"

"ಆ ಕಂಪ್ಯೂಟರ್‌ಗೆ ನಿನ್ನ ತಂಡದವರೆಲ್ಲ ಸುಳ್ಳು ಹೇಳಿದಾರೆ. ಬೇಕಂತಲೇ ತಪ್ಪು ಒತ್ತಿದಾರೆ. ಬೇರೆಯವರಿಗೆ ಮತ್ತೆ ಪರೀಕ್ಷೆ ಮಾಡ್ಸು. ಇವಳನ್ನಂತೂ ಇಳಿಸ್ಬೇಡ."

"ಗೋಲಲ್ಲಿ ನೀನ್ ನಿಲ್ತೀಯಾ?"

"ನಿಲ್ಲೋಕೆ ಕಾಲೆಲ್ಲಿದೆ ಡ್ವೈಟ್, ಮೂರು ಶಾಲೆ ತಿರುಗಿ ಸವೆದುಹೋಗಿದೆ."

ಅವನು ನಗಲಿಲ್ಲ.

ಶನಿವಾರ ಅವಳಿಗೆ ಮಲಗಲು ಸಿಗುವ ಒಂದೇ ದಿನ. ಆದರೂ ಎದ್ದು ಹೋಗಿ ಮೈದಾನದ ತಣ್ಣನೆಯ ಬೆಂಚಿನ ಮೇಲೆ ಕೂತಳು. ತಾನು ಕಣ್ಣೆದುರು ಇಲ್ಲದಿದ್ದರೆ ಡ್ವೈಟ್ ಹುಡುಗಿಯನ್ನು ಇಳಿಸಿಬಿಟ್ಟಾನು; ತನ್ನ ಮಾತಿಗೆ ಅಷ್ಟು ಬೆಲೆಯಿದೆ ಎಂಬ ನಂಬಿಕೆ ಅವಳಿಗೆ ಇರಲಿಲ್ಲ. ಕೊರಿನ್ ಬದಲು ಗೋಲಿನಲ್ಲಿ ನಿಂತ ಹುಡುಗಿ ಒಂದರ ಮೇಲೊಂದು ಗೋಲು ಬಿಟ್ಟಳು. ಕಂಬಳಿ ಹೊದ್ದು ಕೂತಿದ್ದ ಕೊರಿನ್ ಕಡೆ ಡ್ವೈಟ್ ತಿರುಗುತ್ತಿದ್ದ, ಆಮೇಲೆ ಲೊರೆಟ್ಟಾಳನ್ನು ನೋಡುತ್ತಿದ್ದ, ಉಗಿದು ಮುಖ ತಿರುಗಿಸುತ್ತಿದ್ದ. ಕೊರಿನ್ ಒಮ್ಮೆಯೂ ಇತ್ತ ನೋಡಲಿಲ್ಲ. ಕಾಲು ಜೋಮು ಹಿಡಿದರೂ ಲೊರೆಟ್ಟಾ ಕೊನೆಯ ಸೀಟಿ ಊದುವವರೆಗೆ ಏಳಲಿಲ್ಲ.